ಎರೆನಾಡಿನ ಶಾಲೆಗಳಲ್ಲಿ ಕ್ರಿಕೆಟ್ಟು: ಆದಿಕಾಲದ ಒಂದು ಸಮೀಕ್ಷೆ

ಆಟಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಮಹಾನಗರದ ಮೈದಾನದಲ್ಲಿ ಆರಂಭಿಸಿ ಮಹಾನಗರದ ಮೈದಾನದಲ್ಲಿಯೇ ಮುಗಿಸುತ್ತಾರೆ. ಶತಕ ಹೊಡೆದವನ ಹೆಸರು, ಢಾಲು ಗೆದ್ದ ತಂಡದ ಹೆಸರು, ಆ ಢಾಲನ್ನು ದಾನವಿತ್ತ ದೊರೆಯ ಹೆಸರು, ಇವು ಮೂರು ದೊರೆತರೆ ಅವರಿಗೆ ಚರಿತ್ರೆ ಪೂರ್ಣವಾದಂತೆ. ಆದರೆ ಹೊರಗಿನಿಂದ ಬಂದ ಆಟವೊಂದು ಜನತೆಯ ಆಟವಾಗಿ ಪರಿಣಮಿಸಬೇಕಾದರೆ, ಹದಿಮೂರು ಹದಿನಾಲ್ಕರ ವಯಸ್ಸಿನ ಹುಡುಗರು ಪಾಠ ಮುಗಿದ ಮೇಲೆ ಕಲೆಯುವ ಶಾಲೆಯ ಬಯಲನ್ನು ಅದು ಮೊದಲು ಗೆಲ್ಲಬೇಕಾಗುತ್ತದೆ. ಹಿಂದಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಾದ ಧಾರವಾಡ, ಬೆಳಗಾವಿ, ವಿಜಾಪುರಗಳಲ್ಲಿ ಕ್ರಿಕೆಟ್ಟು ಆ ಬಯಲನ್ನು ಯಾವ ಮಾರ್ಗದಿಂದ ಪ್ರವೇಶಿಸಿತು, ಯಾರ ಕೈಯಲ್ಲಿ ಬೆಳೆಯಿತು, ಏತಕ್ಕಾಗಿ ಬಹುಕಾಲ ಕೆಲವೇ ಪಟ್ಟಣಗಳ ಎಲ್ಲೆಯೊಳಗೆ ನಿಂತುಬಿಟ್ಟಿತು ಎಂಬ ಪ್ರಶ್ನೆಗಳನ್ನು ಒಟ್ಟಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಪರಿಶೀಲನೆಗೆ ಕರಿಮಣ್ಣಿನ ಎರೆನಾಡಾದ ರೋಣ ಸೀಮೆಯ ಸೂಡಿಯನ್ನು ನೋಟದ ನೆಲೆಯಾಗಿ ಇಟ್ಟುಕೊಂಡಿರುವುದಕ್ಕೆ ಕಾರಣವುಂಟು. ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತರ ರಾಜಧಾನಿಯಾಗಿ, ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಯ ಆಳ್ವಿಕೆಯನ್ನು ಕಂಡು, ಟಂಕಸಾಲೆಯ ಊರೆನಿಸಿ, ಜೋಡುಕಳಸದ ಗುಡಿಯನ್ನೂ ನಾಗಕುಂಡವನ್ನೂ ಇಂದಿಗೂ ಉಳಿಸಿಕೊಂಡಿರುವ ಈ ಊರು, ಬ್ರಿಟಿಷರ ಕಾಲಕ್ಕೆ ದಂಡಿನ ದಾರಿಗೂ ರೈಲಿನ ದಾರಿಗೂ ದೂರವಾದ ಒಕ್ಕಲಿಗರ ಗ್ರಾಮವಾಗಿ ಉಳಿದಿತ್ತು. ಬೆಳಗಾವಿಯಿಂದಲೋ ಹುಬ್ಬಳ್ಳಿಯಿಂದಲೋ ನೋಡುವವನಿಗೆ ಕ್ರಿಕೆಟ್ಟು ಬಂದುದು ಮಾತ್ರ ಕಾಣುತ್ತದೆ; ಸೂಡಿಯಂಥ ಊರಿನಲ್ಲಿ ನಿಂತು ನೋಡುವವನಿಗೆ ಅದು ಬಾರದೆ ಉಳಿದುದೂ ಕಾಣುತ್ತದೆ. ಎರಡನ್ನೂ ಕಂಡಲ್ಲದೆ ಚರಿತ್ರೆ ಪೂರ್ಣವಾಗದು.

ಕ್ರಿಕೆಟ್ಟು ಬರುವ ಮುನ್ನ ಈ ನಾಡಿನ ಹುಡುಗರಿಗೆ ಆಟದ ಬಡತನವಿರಲಿಲ್ಲ. ಚಿಣಿಕೋಲು, ಲಗೋರಿ, ಹುತುತು, ಆಟ್ಯಾಪಾಟ್ಯಾ ಎಲ್ಲೆಡೆಯೂ ನಡೆಯುತ್ತಿದ್ದುವು. ಗರಡಿಮನೆಯಲ್ಲಿ ಕುಸ್ತಿಯೂ ಸಾಮೂ ಇದ್ದುವು. ನಾಗರಪಂಚಮಿ ಬಂದಿತೆಂದರೆ ಜೋಕಾಲಿಯ ಜೊತೆಗೆ ನಿಂಬೆಹಣ್ಣನ್ನು ಇಷ್ಟು ಎಸೆತಗಳಲ್ಲಿ ಇಂತಲ್ಲಿಗೆ ಮುಟ್ಟಿಸುವೆನೆಂಬ ಪಂದ್ಯಗಳು ನಡೆದು, ತೋಳಿನ ಬಲವೂ ಗುರಿಯ ನೈಪುಣ್ಯವೂ ಊರ ಮುಂದೆ ಪರೀಕ್ಷೆಗೆ ಬರುತ್ತಿದ್ದುವು. ಈ ಎಲ್ಲ ಆಟಗಳಿಗೆ ಸಮಾನವಾದ ಲಕ್ಷಣವೊಂದಿತ್ತು: ಅವು ವೆಚ್ಚವನ್ನು ಬೇಡುತ್ತಿರಲಿಲ್ಲ, ಸಿದ್ಧಪಡಿಸಿದ ನೆಲವನ್ನು ಬೇಡುತ್ತಿರಲಿಲ್ಲ, ಸುಗ್ಗಿ ಬಂದಾಗ ಬಿಟ್ಟುಬಿಡಲು ಅಡ್ಡಿಯಿರಲಿಲ್ಲ. ಕ್ರಿಕೆಟ್ಟಾದರೋ ಸಮವಾದ ಗಟ್ಟಿ ನೆಲ, ದೂರದಿಂದ ತರಿಸಬೇಕಾದ ಸಾಮಗ್ರಿ, ದಿನದ ಬಹುಭಾಗದ ಬಿಡುವು ಎಂಬ ಮೂರನ್ನೂ ಒಟ್ಟಿಗೆ ಬಯಸುವ ಆಟ. ಹಳ್ಳಿಯಲ್ಲಿ ಈ ಮೂರೂ ದುರ್ಲಭ. ಪಟ್ಟಣದಲ್ಲಿಯೂ ಅವನ್ನು ಒದಗಿಸಬಲ್ಲ ಸಂಸ್ಥೆಗಳು ಎರಡು ಮೂರೇ.

ಮೊದಲನೆಯದು ದಂಡು. ಪೇಶವೆಯವರ ಆಳ್ವಿಕೆ ೧೮೧೮ರಲ್ಲಿ ಕೊನೆಗೊಂಡ ತರುವಾಯ ಬೆಳಗಾವಿಯಲ್ಲಿ ಬ್ರಿಟಿಷರ ಸೈನ್ಯ ನೆಲೆಯೂರಿತು; ಆ ಸೈನ್ಯ ಹೋದಲ್ಲೆಲ್ಲ ಅಧಿಕಾರಿಗಳ ಮನೋರಂಜನೆಗಾಗಿ ಕ್ರಿಕೆಟ್ಟೂ ಹೋಯಿತು. ಆದರೆ ದಂಡಿನ ಬಯಲು ಊರ ಹುಡುಗರಿಗೆ ತೆರೆದ ಬಯಲಾಗಿರಲಿಲ್ಲ. ಬೇಲಿಯ ಹೊರಗೆ ನಿಂತು ನೋಡುವುದಕ್ಕೂ, ದೂರ ಹೋದ ಚೆಂಡನ್ನು ತಂದುಕೊಡುವುದಕ್ಕೂ ಅವರಿಗೆ ಅವಕಾಶವಿದ್ದಿತೇ ಹೊರತು ಆಡುವುದಕ್ಕಲ್ಲ. ಹೀಗಾಗಿ ದಂಡು ಆಟವನ್ನು ಕಣ್ಣಿಗೆ ತೋರಿಸಿತು, ಕೈಗೆ ಕೊಡಲಿಲ್ಲ.

ಎರಡನೆಯದು ರೈಲು. ೧೮೮೨ರಲ್ಲಿ ರೂಪುಗೊಂಡ ಸದರ್ನ್ ಮರಾಠಾ ರೈಲ್ವೆ ಕಂಪನಿ ಆ ದಶಕದಲ್ಲಿಯೇ ಹುಬ್ಬಳ್ಳಿ, ಗದಗ, ಬಳ್ಳಾರಿ, ವಿಜಾಪುರಗಳನ್ನು ಒಂದಕ್ಕೊಂದು ಜೋಡಿಸಿತು. ಹುಬ್ಬಳ್ಳಿಯಲ್ಲಿ ಕಾರ್ಖಾನೆ, ಧಾರವಾಡದಲ್ಲಿ ಪ್ರಧಾನ ಕಚೇರಿ ನೆಲೆಗೊಂಡುವು. ಇಂದು ಕರ್ನಾಟಕ ಕಾಲೇಜು ನಡೆಯುತ್ತಿರುವ ಧಾರವಾಡದ ಭವ್ಯ ಕಟ್ಟಡ ಹಿಂದೆ ಆ ಕಂಪನಿಯ ಕಚೇರಿಯೇ ಆಗಿತ್ತೆಂಬುದನ್ನು ಸ್ಮರಿಸಿದರೆ, ಈ ಪ್ರದೇಶದಲ್ಲಿ ರೈಲಿನ ಜಾಡೂ ವಿದ್ಯೆಯ ಜಾಡೂ ಎಷ್ಟು ಹತ್ತಿರ ಹತ್ತಿರ ಸಾಗಿದುವೆಂಬುದು ಹೊಳೆಯುತ್ತದೆ. ರೈಲ್ವೆಯ ನೌಕರರಿಗೆ ಗೊತ್ತಾದ ವೇಳೆಯ ದುಡಿಮೆ, ಗೊತ್ತಾದ ದಿನದ ಬಿಡುವು, ವಸತಿಯ ಪಕ್ಕದಲ್ಲಿ ಬಯಲು ಇರುತ್ತಿದ್ದುವು. ಅವರ ಮಕ್ಕಳು ಊರ ಹೈಸ್ಕೂಲುಗಳಲ್ಲಿ ಇತರರ ಜೊತೆಗೆ ಕುಳಿತು ಓದುತ್ತಿದ್ದರು. ದಂಡಿನ ಬೇಲಿಯಂಥ ಬೇಲಿ ಇಲ್ಲಿರಲಿಲ್ಲ. ಇದಲ್ಲದೆ ಒಂದು ಶಾಲೆಯ ತಂಡ ಇನ್ನೊಂದು ಊರಿಗೆ ಹೋಗಿ ಪಂದ್ಯವಾಡಿ ಅದೇ ದಿನ ಮರಳಬೇಕಾದರೆ ರೈಲೊಂದೇ ಸಾಧನ. ರೋಣ ತಾಲೂಕಿನ ಹೊಳೆಆಲೂರು, ಮಲ್ಲಾಪುರಗಳ ಮೇಲೆ ರೈಲು ಹಾಯ್ದುಹೋಯಿತು. ಸೂಡಿ, ಇಟಗಿ, ಗಜೇಂದ್ರಗಡಗಳು ಚಕ್ಕಡಿಯ ದಾರಿಯಲ್ಲಿಯೇ ಉಳಿದುವು.

ಮೂರನೆಯದಾಗಿ ಮಿಶನ್ನುಗಳನ್ನು ಹೇಳುವುದು ವಾಡಿಕೆ. ಮದರಾಸಿನಲ್ಲಿಯೂ ಬೆಂಗಳೂರಿನಲ್ಲಿಯೂ ಇಂಗ್ಲೆಂಡಿನ ಪಾದ್ರಿಗಳು ನಡೆಸಿದ ಶಾಲೆಗಳು ಕ್ರಿಕೆಟ್ಟಿನ ತೊಟ್ಟಿಲುಗಳಾದುವೆಂಬುದು ನಿಜ. ಆದರೆ ಆ ಸೂತ್ರವನ್ನು ಧಾರವಾಡ ಸೀಮೆಗೆ ಹಾಗೆಯೇ ಅನ್ವಯಿಸಲಾಗದು. ಇಲ್ಲಿ ೧೮೩೭ರಲ್ಲಿ ಧಾರವಾಡದಲ್ಲಿಯೂ, ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ, ೧೮೪೧ರಲ್ಲಿ ಗದುಗಿನ ಬೆಟಗೇರಿಯಲ್ಲಿಯೂ ನೆಲೆಸಿದುದು ಸ್ವಿಟ್ಸರ್ಲೆಂಡಿನ ಬಾಸೆಲ್ ಮಿಶನ್ನು. ಅದರ ಪಾದ್ರಿಗಳು ಬಹುಮಟ್ಟಿಗೆ ಜರ್ಮನಿಯ ಮತ್ತು ಸ್ವಿಟ್ಸರ್ಲೆಂಡಿನ ಜನ. ಮುದ್ರಣ, ನೇಯ್ಗೆ, ಹಂಚಿನ ಕೈಗಾರಿಕೆ, ನಿಘಂಟು, ವ್ಯಾಕರಣ ಇವುಗಳಲ್ಲಿ ಕನ್ನಡಕ್ಕೆ ಅವರು ಸಲ್ಲಿಸಿದ ಸೇವೆ ಅಪಾರವಾದರೂ ಕ್ರಿಕೆಟ್ಟು ಅವರ ತಾಯ್ನಾಡಿನ ಆಟವಾಗಿರಲಿಲ್ಲ. ಇಂಗ್ಲೆಂಡಿನ ಶಾಲೆಗಳಲ್ಲಿ ಬೆಳೆದು, ಆ ಆಟವೇ ಶೀಲಸಂವರ್ಧನೆಯ ಸಾಧನವೆಂದು ನಂಬಿ ಬಂದ ಅಧ್ಯಾಪಕವರ್ಗ ಈ ಸೀಮೆಗೆ ಲಭಿಸಿದುದು ವಿರಳ. ಮುಂಬಯಿ ಕರ್ನಾಟಕದ ಶಾಲಾ ಕ್ರಿಕೆಟ್ಟು ಮೈಸೂರಿಗಿಂತ ಭಿನ್ನವಾದ ಹಾದಿಯನ್ನು ಹಿಡಿದುದಕ್ಕೆ ಇದು ಒಂದು ಮುಖ್ಯ ಕಾರಣ.

ಹಾಗಾದರೆ ಇಲ್ಲಿಯ ಹುಡುಗರಿಗೆ ಆಟವನ್ನು ಕಲಿಸಿದವರು ಯಾರು? ಪುಣೆ ಮುಂಬಯಿಗಳಲ್ಲಿ ಓದಿ ಬಂದ ಮಾಸ್ತರರು ಎಂದು ಉತ್ತರಿಸಬೇಕಾಗುತ್ತದೆ. ಮುಂಬಯಿಯ ಪಾರ್ಸಿಗಳು ೧೮೪೮ರಲ್ಲಿಯೇ ಓರಿಯಂಟಲ್ ಕ್ಲಬ್ಬನ್ನು ಸ್ಥಾಪಿಸಿ, ೧೮೮೬ರಲ್ಲಿಯೂ ೧೮೮೮ರಲ್ಲಿಯೂ ಇಂಗ್ಲೆಂಡಿಗೆ ಹೋಗಿ ಆಡಿ, ೧೮೯೦ರಲ್ಲಿ ಇಂಗ್ಲೆಂಡಿನಿಂದ ಬಂದ ವರ್ನನ್ನನ ತಂಡವನ್ನು ತಮ್ಮ ಊರಿನಲ್ಲಿಯೇ ಸೋಲಿಸಿದ್ದರು. ಅದೇ ದಶಕದಲ್ಲಿ ಮುಂಬಯಿಯ ಹೈಸ್ಕೂಲುಗಳಿಗಾಗಿ, ಪ್ರಾಂತದ ಗವರ್ನರನಾಗಿದ್ದ ಲಾರ್ಡ್ ಹ್ಯಾರಿಸನ ಹೆಸರಿನ ಢಾಲಿನ ಸ್ಪರ್ಧೆ ಆರಂಭವಾಯಿತು. ೧೯೮೮ರಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಎಂಬ ಇಬ್ಬರು ಬಾಲಕರು ಮುರಿಯದ ಜೊತೆಯಾಟದಲ್ಲಿ ೬೬೪ ಓಟಗಳನ್ನು ಗಳಿಸಿ ಜಗತ್ತನ್ನು ಬೆರಗುಗೊಳಿಸಿದುದು ಅದೇ ಢಾಲಿನ ಪಂದ್ಯದಲ್ಲಿ. ಧಾರವಾಡದಲ್ಲಿ ೧೯೧೭ರಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ ಈ ಜಿಲ್ಲೆಗಳ ತರುಣರು ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಹೋದವರು ಅಲ್ಲಿಯ ಜಿಮಖಾನಾಗಳಲ್ಲಿ ಆಟವನ್ನು ಕಂಡರು, ಕೆಲವರು ಆಡಿದರು. ಮರಳಿ ಬಂದು ಹೈಸ್ಕೂಲುಗಳಲ್ಲಿ ಇಂಗ್ಲಿಷನ್ನೋ ಗಣಿತವನ್ನೋ ಕಲಿಸುತ್ತ ಸಂಜೆಗೆ ಧೋತರದ ಕಚ್ಚೆಯನ್ನು ಬಿಗಿದು ಹುಡುಗರ ಜೊತೆಗೆ ಬಯಲಿಗೆ ಇಳಿದರು. ಜಿಮಖಾನಾ ಎಂಬ ಮಾತು ಇಂದಿಗೂ ಹುಬ್ಬಳ್ಳಿ ಧಾರವಾಡಗಳಲ್ಲಿ ಕಾಲೇಜಿನ ಕ್ರೀಡಾವಿಭಾಗಕ್ಕೂ ಊರ ಮೈದಾನಕ್ಕೂ ಸಲ್ಲುತ್ತಿರುವುದು ಆ ಪುಣೆ ಮುಂಬಯಿಗಳ ಋಣದ ಗುರುತು.

ಇಲ್ಲಿಯೇ ಪ್ರಶ್ನೆಯ ತಿರುಳು ಅಡಗಿದೆ. ಈ ಪ್ರಾಂತದಲ್ಲಿ ಶಾಲೆಯೆಂಬುದು ಒಂದೇ ಬಗೆಯದಾಗಿರಲಿಲ್ಲ. ಹಳ್ಳಿಯ ಕನ್ನಡ ಸಾಲೆ ಏಳನೆಯ ಇಯತ್ತೆಗೆ ಮುಗಿದು ಮುಲ್ಕಿ ಪರೀಕ್ಷೆಯಲ್ಲಿ ಪರ್ಯವಸಾನ ಹೊಂದುತ್ತಿತ್ತು. ಅದರಲ್ಲಿ ತೇರ್ಗಡೆಯಾದವನು ತಲಾಠಿಯೋ ಪ್ರಾಥಮಿಕ ಶಾಲೆಯ ಮಾಸ್ತರನೋ ಆಗುತ್ತಿದ್ದನು. ಇಂಗ್ಲಿಷ್ ಹೈಸ್ಕೂಲು ಇನ್ನೊಂದು ಲೋಕ. ಅದು ಮ್ಯಾಟ್ರಿಕ್ಯುಲೇಶನ್ನಿಗೂ ಅಲ್ಲಿಂದ ಕಾಲೇಜಿಗೂ ಸರಕಾರದ ಕಚೇರಿಗೂ ಒಯ್ಯುವ ದಾರಿ. ಕನ್ನಡ ಸಾಲೆಯಲ್ಲಿ ವ್ಯಾಯಾಮವೆಂದರೆ ಕವಾಯತು; ಹೈಸ್ಕೂಲಿನಲ್ಲಿ ಆಟವೆಂದರೆ ಕ್ರಿಕೆಟ್ಟು. ಆಟ ಇಂಗ್ಲಿಷ್ ವಿದ್ಯೆಯ ಬೆನ್ನಿಗೆ ಅಂಟಿಕೊಂಡು ಬಂದುದರಿಂದ, ಹೈಸ್ಕೂಲಿಲ್ಲದ ಊರಿಗೆ ಶಾಲಾ ಕ್ರಿಕೆಟ್ಟು ಬರುವಂತೆಯೇ ಇರಲಿಲ್ಲ. ಎರೆನಾಡಿನ ಹುಡುಗನಿಗೆ ಕ್ರಿಕೆಟ್ಟಿನಲ್ಲಿ ಅಭಿರುಚಿಯಿರಲಿಲ್ಲವೆಂದು ಹೇಳುವವರು, ಆತನ ಊರಿನಲ್ಲಿ ಎಂಟನೆಯ ಇಯತ್ತೆಯೇ ಇರಲಿಲ್ಲವೆಂಬುದನ್ನು ಮರೆಯುತ್ತಾರೆ.

ಹೈಸ್ಕೂಲಿನ ಬಾಗಿಲು ಅಗಲವಾದುದು ಕ್ರಮಕ್ರಮೇಣ. ಬೆಳಗಾವಿಯಲ್ಲಿ ೧೯೧೬ರಲ್ಲಿ ಸ್ಥಾಪಿತವಾದ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆ ಗಿಲಗಂಚಿ ಅರಟಾಳ ಹೈಸ್ಕೂಲಿನಿಂದ ತೊಡಗಿ ೧೯೩೩ರಲ್ಲಿ ಲಿಂಗರಾಜ ಕಾಲೇಜಿನವರೆಗೆ ಬೆಳೆಯಿತು. ಬಾಗಲಕೋಟೆ, ಗದಗ, ಹುಬ್ಬಳ್ಳಿಗಳಲ್ಲಿಯೂ ಖಾಸಗಿ ಸಂಸ್ಥೆಗಳು ಶಾಲೆಗಳನ್ನು ತೆರೆದುವು. ಇವುಗಳಿಗಿಂತ ಕಡಮೆ ಮಹತ್ತ್ವದ್ದಲ್ಲದ ಸಂಗತಿ ಮಠಗಳ ಪ್ರಸಾದನಿಲಯ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಊಟ ವಸತಿಯ ವ್ಯವಸ್ಥೆಯಿಂದ ಒಕ್ಕಲುತನದ ಮನೆಗಳ ಎಷ್ಟೋ ಹುಡುಗರು ಪಟ್ಟಣದಲ್ಲಿ ನಿಂತು ಓದುವುದು ಸಾಧ್ಯವಾಯಿತು. ಕ್ರಿಕೆಟ್ಟಿನ ಚರಿತ್ರೆಯಲ್ಲಿ ಮಠದ ಪಂಕ್ತಿಗೆ ಏನು ಸ್ಥಾನವೆಂದು ಕೇಳುವವರಿಗೆ ಇಷ್ಟು ಹೇಳಬಹುದು: ಗ್ರಾಮದ ಹುಡುಗನೊಬ್ಬನು ಹೈಸ್ಕೂಲಿನಲ್ಲಿ ನಾಲ್ಕು ವರ್ಷ ನಿಲ್ಲಬೇಕಾದರೆ ಮೊದಲು ಆತನಿಗೆ ಎರಡು ಹೊತ್ತಿನ ರೊಟ್ಟಿ ಬೇಕಾಗಿತ್ತು; ಅದು ಮಠದಲ್ಲಿ ದೊರೆತುದರಿಂದ, ದೀಪಾವಳಿಯ ಸೂಟಿಗೂ ಬೇಸಿಗೆಯ ಸೂಟಿಗೂ ಊರಿಗೆ ಬರುವಾಗ ಆತನು ಪುಸ್ತಕದ ಗಂಟಿನ ಜೊತೆಗೆ ಹೊಸ ಆಟವನ್ನೂ ತರುವಂತಾದನು. ದಂಡಿನ ಬೇಲಿಯನ್ನೂ ರೈಲಿನ ಜಾಡನ್ನೂ ದಾಟಿ ಆಟವು ಒಳನಾಡನ್ನು ಮುಟ್ಟಿದುದು ಇಂಥ ಹುಡುಗರ ಕೈಯಿಂದ.

ಆದರೆ ಹೈಸ್ಕೂಲಿನ ದಾರಿಯೂ ಎಲ್ಲರಿಗೆ ಸಮಾನವಾಗಿ ತೆರೆದಿರಲಿಲ್ಲವೆಂಬುದಕ್ಕೆ ಈ ಸೀಮೆಯಲ್ಲಿಯೇ ಹುಟ್ಟಿದ ಒಬ್ಬ ಮಹಾನ್ ಆಟಗಾರನ ಜೀವನ ಸಾಕ್ಷಿಯಾಗಿದೆ. ಭಾರತದ ಮೊದಲ ಶ್ರೇಷ್ಠ ಎಸೆತಗಾರನೆಂದು ಇಂದು ಎಲ್ಲರೂ ಒಪ್ಪುವ ಪಾಲವಣಕರ ಬಾಳು ೧೮೭೦ರ ದಶಕದಲ್ಲಿ ಜನಿಸಿದುದು ಧಾರವಾಡದಲ್ಲಿ. ಅಸ್ಪೃಶ್ಯರೆನಿಸಿಕೊಂಡ ಜಾತಿಯಲ್ಲಿ ಹುಟ್ಟಿದ ಆತನ ತಂದೆ ಸೈನ್ಯದ ನೌಕರಿಯಲ್ಲಿದ್ದುದರಿಂದ ಬಾಲ್ಯ ಪುಣೆಯಲ್ಲಿ ಕಳೆಯಿತು. ಆತನಿಗೆ ಆಟವನ್ನು ಕಲಿಸಿದುದು ಯಾವ ಶಾಲೆಯ ತಂಡವೂ ಅಲ್ಲ; ಸೈನ್ಯಾಧಿಕಾರಿಗಳು ಬಿಸುಟ ಚೆಂಡು ದಾಂಡುಗಳು, ತರುವಾಯ ಪಾರ್ಸಿಗಳ ಕ್ಲಬ್ಬಿನಲ್ಲಿ ತಿಂಗಳಿಗೆ ಮೂರು ರೂಪಾಯಿ ಸಂಬಳಕ್ಕೆ ನೆಲವನ್ನು ಗುಡಿಸಿ ಹದಗೊಳಿಸುವ ಕೆಲಸ. ಗೋರರಿಗೆ ಗಂಟೆಗಟ್ಟಲೆ ಎಸೆದು ಕೈಯನ್ನು ಪಳಗಿಸಿಕೊಂಡ ಆತನು ಹಿಂದೂ ತಂಡಕ್ಕೆ ಸೇರಿದ ಮೇಲೆಯೂ ವಿರಾಮದ ವೇಳೆಯಲ್ಲಿ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯಬೇಕಾಗಿತ್ತು. ೧೯೧೧ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದಲ್ಲಿ ಆತನು ೧೧೪ ವಿಕೆಟ್ಟುಗಳನ್ನು ಕೆಡವಿದನು. ತಮ್ಮನಾದ ವಿಠ್ಠಲನು ೧೯೨೩ರಲ್ಲಿ ಹಿಂದೂ ತಂಡದ ನಾಯಕನಾದನು. ಶಾಲೆಯು ಆಟದ ವಾಹಕವಾಗಿದ್ದ ಕಾಲದಲ್ಲಿ ಶಾಲೆಯ ನೆರವಿಲ್ಲದೆ ಮೇಲೆದ್ದ ಈ ಪ್ರತಿಭೆ, ಶಾಲೆಯ ಬಯಲಿನಿಂದ ಹೊರಗುಳಿದವರಲ್ಲಿ ಎಂಥ ಸಾಮರ್ಥ್ಯವಿತ್ತೆಂಬುದನ್ನು ಅಳೆದು ತೋರಿಸುತ್ತದೆ.

ಇನ್ನು ನೆಲದ ವಿಚಾರ. ರೋಣ, ನರಗುಂದ, ನವಲಗುಂದಗಳ ಎರೆಭೂಮಿ ಹತ್ತಿಗೂ ಬಿಳಿಜೋಳಕ್ಕೂ ಗೋದಿಗೂ ಕಡಲೆಗೂ ಹೆಸರಾದುದು. ಆಟಕ್ಕೆ ಮಾತ್ರ ಅದು ಕಠಿಣವಾದ ನೆಲ. ಮಳೆಯಲ್ಲಿ ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಇಡಗೊಡದು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಇದೇ ಜಾತಿಯ ಕರಿಮಣ್ಣು ನೀರುಣಿಸಿ ರೂಲು ಎಳೆದರೆ ಅತ್ಯುತ್ತಮವಾದ ಅಂಕಣವಾಗುವುದುಂಟು. ಆದರೆ ಕುಡಿಯುವ ನೀರಿಗೆ ಕೆರೆ ಬಾವಿಗಳನ್ನು ನಂಬಿದ ಮಳೆ ವಿರಳವಾದ ಸೀಮೆಯಲ್ಲಿ ಆಟದ ಅಂಕಣಕ್ಕೆ ನೀರು ಹನಿಸುವ ಯೋಚನೆ ಯಾರಿಗೂ ಬರುವಂಥದಲ್ಲ. ಆದುದರಿಂದ ಪಟ್ಟಣದ ಶಾಲೆಗಳು ಮಸಾರಿ ನೆಲದ ಮೇಲೆ ಗರಸು ಹೊಡೆಸಿ ನಾರಿನ ಮ್ಯಾಟನ್ನು ಹಾಸಿ ಆಡುತ್ತಿದ್ದುವು. ಮ್ಯಾಟಿನ ಮೇಲೆ ಬಿದ್ದ ಚೆಂಡು ಎತ್ತರಕ್ಕೆ ಪುಟಿಯುತ್ತದೆ, ತಿರುಗಿಸಿ ಎಸೆದರೆ ಚುರುಕಾಗಿ ಹೊರಳುತ್ತದೆ. ದಕ್ಷಿಣ ಭಾರತದಲ್ಲಿ ತಿರುಗುಚೆಂಡಿನ ಎಸೆತಗಾರರು ಹೇರಳವಾಗಿ ಹುಟ್ಟಿಬಂದುದಕ್ಕೆ ಮ್ಯಾಟಿನ ಆಟವೂ ಒಂದು ಕಾರಣವೆಂಬ ಅಭಿಪ್ರಾಯ ಬಲವಾಗಿದೆ. ಹಳ್ಳಿಗೆ ಮ್ಯಾಟೂ ಇಲ್ಲ, ಮಸಾರಿಯೂ ಇಲ್ಲ. ಅಲ್ಲಿಯ ಹುಡುಗರಿಗೆ ಗಟ್ಟಿ ನೆಲವೆಂದರೆ ರಾಶಿ ಮುಗಿದ ಮೇಲೆ ಖಾಲಿಯಾದ ಕಣ, ಇಲ್ಲವೆ ದನಗಳು ತುಳಿದು ಗಟ್ಟಿಯಾದ ಗಾಯರಾಣ.

ಸಾಮಗ್ರಿಯ ಕಥೆಯೂ ಹೀಗೆಯೇ. ಇಂಗ್ಲೆಂಡಿನ ದಾಂಡನ್ನು ಕೊಳ್ಳುವುದು ಹೈಸ್ಕೂಲುಗಳಿಗೂ ಭಾರವಾಗಿದ್ದಾಗ, ಪಂಜಾಬಿನ ಸಿಯಾಲಕೋಟೆಯ ಕಾರ್ಖಾನೆಗಳು ಕಾಶ್ಮೀರದ ವಿಲೋ ಮರದಿಂದ ಅಗ್ಗದ ದಾಂಡುಗಳನ್ನು ಮಾಡಿ ದೇಶದುದ್ದಗಲಕ್ಕೆ ಕಳುಹಿಸಿದುವು. ೧೯೪೭ರಲ್ಲಿ ಸಿಯಾಲಕೋಟೆ ಪಾಕಿಸ್ತಾನಕ್ಕೆ ಸೇರಿ, ಅಲ್ಲಿಂದ ಬಂದ ಕುಶಲಕರ್ಮಿಗಳು ಜಾಲಂಧರದಲ್ಲಿಯೂ ಮೀರತ್ತಿನಲ್ಲಿಯೂ ಆ ಉದ್ಯಮವನ್ನು ಮತ್ತೆ ಕಟ್ಟಿದರು. ಹಳ್ಳಿಯ ಹುಡುಗನಿಗಾದರೋ ಬಡಿಗೇರನು ಬೇವಿನ ಹಲಗೆಯನ್ನು ಕೆತ್ತಿ ಕೊಟ್ಟುದೇ ದಾಂಡು, ಅರಿವೆಯ ಚಿಂದಿಗಳನ್ನು ಹುರಿಯಿಂದ ಬಿಗಿದುದೇ ಚೆಂಡು, ಗೋಡೆಯ ಮೇಲೆ ಇದ್ದಲಿಯಿಂದ ಎಳೆದ ಮೂರು ಗೆರೆಗಳೇ ಸ್ಟಂಪು.

ತುಂಗಭದ್ರೆಯ ಆಚೆಯ ಮೈಸೂರಿನೊಡನೆ ಹೋಲಿಸಿ ನೋಡಿದರೆ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ಇಂಗ್ಲಿಷರ ಮಾದರಿಯ ಶಾಲೆಗಳು ಬೇಗನೆ ಹುಟ್ಟಿದುವು. ಬಿಷಪ್ ಕಾಟನ್ ಶಾಲೆ ೧೮೬೫ರದು. ಸೆಂಟ್ರಲ್ ಕಾಲೇಜಿನ ಮೈದಾನ ಶಾಲೆ ಕಾಲೇಜುಗಳಿಗೆ ಮಾತ್ರವಲ್ಲದೆ ಸಂಸ್ಥಾನಕ್ಕೇ ಆಟದ ಕೇಂದ್ರವಾಯಿತು. ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ೧೯೩೩ರಲ್ಲಿ ಸ್ಥಾಪಿತವಾಗಿ, ಮರುವರ್ಷ ನವೆಂಬರಿನಲ್ಲಿ ಮದರಾಸಿನ ಚೇಪಾಕಿನಲ್ಲಿ ರಣಜಿ ಪಂದ್ಯಾವಳಿಯ ಮೊತ್ತಮೊದಲ ಪಂದ್ಯವನ್ನು ಮೈಸೂರು ಆಡಿತು. ೪೮ ಮತ್ತು ೫೯ ಓಟಗಳಿಗೆ ಕುಸಿದು ಒಂದೇ ದಿನದಲ್ಲಿ ಸೋತಿತು. ಆದರೆ ಶಾಲೆ ಕಾಲೇಜುಗಳ ತಳಹದಿ ಇದ್ದುದರಿಂದ ೧೯೪೧-೪೨ರಲ್ಲಿ ಅಂತಿಮ ಪಂದ್ಯದವರೆಗೆ ಏರಿತು. ೧೯೪೫-೪೬ರಲ್ಲಿ ಹೋಳ್ಕರ್ ತಂಡ ಎಂಟು ವಿಕೆಟ್ಟಿಗೆ ೯೧೨ ಓಟಗಳನ್ನು ಗುಡ್ಡೆಹಾಕಿದಾಗಲೂ ಎದೆಗೆಡದೆ, ಬಿ. ಕೆ. ಗರುಡಾಚಾರ್ ಅವರ ಶತಕದ ಬಲದಿಂದ ಎರಡನೆಯ ಸರದಿಯಲ್ಲಿ ಐನೂರನ್ನು ದಾಟಿತು. ಅದೇ ವರ್ಷ ಅಖಿಲ ಭಾರತ ಮಟ್ಟದ ಶಾಲಾ ಪಂದ್ಯಾವಳಿಯಾಗಿ ಕೂಚ್ ಬಿಹಾರ್ ಪ್ರಶಸ್ತಿಯ ಸ್ಪರ್ಧೆ ಆರಂಭವಾಯಿತು. ಮುಂಬಯಿ ಕರ್ನಾಟಕಕ್ಕೆ ಇಂಥ ತನ್ನದೇ ಆದ ಒಂದು ಕೇಂದ್ರವಿರಲಿಲ್ಲ. ಅದರ ಕಣ್ಣು ದೂರದ ಪುಣೆ ಮುಂಬಯಿಗಳ ಕಡೆಗೆ ತಿರುಗಿತ್ತು, ಅವುಗಳ ಕಣ್ಣು ಇದರ ಕಡೆಗೆ ತಿರುಗಿರಲಿಲ್ಲ.

ರಾಷ್ಟ್ರೀಯ ಚಳವಳಿಯ ವರ್ಷಗಳಲ್ಲಿ ಕ್ರಿಕೆಟ್ಟಿನ ವಿಷಯದಲ್ಲಿ ಇನ್ನೊಂದು ವಿವಾದವೂ ಎದ್ದಿತು. ವಿದೇಶೀ ವಸ್ತ್ರವನ್ನು ತ್ಯಜಿಸಿದವರು ವಿದೇಶೀ ಆಟವನ್ನು ಏಕೆ ಅಪ್ಪಬೇಕೆಂಬ ಪ್ರಶ್ನೆ ಸಹಜವಾಗಿತ್ತು. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು ೧೯೨೩ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳ ತರುಣರಿಗೆ ಕವಾಯತು, ಶಿಸ್ತು, ಅಂಗಸಾಧನೆಗಳನ್ನು ಕಲಿಸಿ, ಮರುವರ್ಷದ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ತನ್ನ ಸಾಮರ್ಥ್ಯವನ್ನು ತೋರಿತು. ಪುಣೆಯ ಡೆಕ್ಕನ್ ಜಿಮಖಾನಾದವರು ಖೋಖೋವಿನಂಥ ದೇಶೀ ಆಟಗಳಿಗೆ ನಿಯಮಗಳನ್ನು ರಚಿಸಿದರು. ಮುಂಬಯಿಯಲ್ಲಿ ೧೯೩೭ರಲ್ಲಿ ಬಂದ ಕಾಂಗ್ರೆಸ್ ಮಂತ್ರಿಮಂಡಲ ಶಾರೀರಿಕ ಶಿಕ್ಷಣವನ್ನು ಶಾಲೆಗಳಲ್ಲಿ ವ್ಯವಸ್ಥೆಗೊಳಿಸಲು ಸ್ವಾಮಿ ಕುವಲಯಾನಂದರ ನೆರವನ್ನು ಪಡೆಯಿತು. ಕಾಂದಿವಲಿಯಲ್ಲಿ ತರಬೇತಿ ಪಡೆದ ಶಿಕ್ಷಕರು ಹೈಸ್ಕೂಲುಗಳಿಗೆ ಬಂದರು. ಮುಂಬಯಿಯ ಪಂಚಕೋನ ಪಂದ್ಯಾವಳಿಯಲ್ಲಿ ಧರ್ಮಕ್ಕೊಂದು ತಂಡ ಆಡುತ್ತಿದ್ದುದನ್ನು ಗಾಂಧೀಜಿಯವರು ೧೯೪೦ರಲ್ಲಿ ಸ್ಪಷ್ಟವಾಗಿ ಆಕ್ಷೇಪಿಸಿದರು. ಇಷ್ಟಾದರೂ ಶಾಲೆಯ ಕ್ರಿಕೆಟ್ಟು ಕುಗ್ಗಲಿಲ್ಲ. ಅದಕ್ಕೆ ಕಾರಣ, ಶಾಲೆಯ ತಂಡ ಧರ್ಮದ ತಂಡವಾಗಿರಲಿಲ್ಲ. ಒಂದೇ ವರ್ಗದಲ್ಲಿ ಕುಳಿತವರು ಒಂದೇ ತಂಡದಲ್ಲಿ ಆಡುತ್ತಿದ್ದರು. ದೇಶೀ ಆಟಗಳ ಪುನರುತ್ಥಾನದಿಂದ ನಿಜವಾಗಿ ಲಾಭವಾದುದು ಹಳ್ಳಿಯ ಸಾಲೆಗಳಿಗೆ: ಅಲ್ಲಿ ಹುತುತು, ಖೋಖೋಗಳು ಪಂಚಮಿಯ ಆಟಗಳಾಗಿದ್ದುದು ಹೋಗಿ ಪಠ್ಯಕ್ರಮದ ಆಟಗಳಾದುವು. ಕ್ರಿಕೆಟ್ಟು ಹೈಸ್ಕೂಲಿನದು, ಖೋಖೋ ಕನ್ನಡ ಸಾಲೆಯದು ಎಂಬ ವಿಭಾಗ ಇದರಿಂದ ಮತ್ತಷ್ಟು ಗಟ್ಟಿಯಾಯಿತೆಂಬುದನ್ನೂ ಹೇಳಲೇಬೇಕು.

ಶಾಲೆ ಮತ್ತು ನೆಲದ ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ನಾಡಿನ ದಕ್ಷಿಣದ ಕಣಿವೆಗಳಲ್ಲಿ ಕಲ್ಲಿದ್ದಲ ಗಣಿಯ ಊರುಗಳು ಸಾಲಾಗಿವೆ. ಇಕ್ಕಟ್ಟಾದ ಆ ಕಣಿವೆಗಳಲ್ಲಿ ಸಮನೆಲವೇ ಅಪೂರ್ವ. ಜನರ ಒಲವೂ ರಗ್ಬಿಯ ಕಡೆಗೆ. ಆದರೂ ೧೮೮೯ರ ಶಿಕ್ಷಣ ಶಾಸನದಿಂದ ಊರೂರಿಗೆ ಮಾಧ್ಯಮಿಕ ಶಾಲೆಗಳು ಹುಟ್ಟಿದುವು. ೧೯೨೦ರಲ್ಲಿ, ಅಗೆದ ಪ್ರತಿಯೊಂದು ಟನ್ನು ಕಲ್ಲಿದ್ದಲಿಗೆ ಒಂದು ಪೆನ್ನಿಯಂತೆ ಗಣಿಯ ಒಡೆಯರು ಸಲ್ಲಿಸತಕ್ಕದ್ದೆಂಬ ಕಾನೂನಿನಿಂದ ಕಾರ್ಮಿಕರ ಕ್ಷೇಮನಿಧಿ ಏರ್ಪಟ್ಟು, ಆ ಹಣದಿಂದ ಆಟದ ಬಯಲುಗಳು ನಿರ್ಮಾಣವಾದುವು. ೧೮೮೮ರಲ್ಲಿ ಹುಟ್ಟಿದ ಗ್ಲಾಮೋರ್ಗನ್ ತಂಡ ೧೯೨೧ರಲ್ಲಿ ಇಂಗ್ಲೆಂಡಿನ ಕೌಂಟಿಗಳ ಪಂಕ್ತಿಗೆ ಸೇರಿ, ೧೯೪೮ರಲ್ಲಿ ಅವುಗಳೆಲ್ಲವನ್ನೂ ಹಿಂದೆ ಹಾಕಿ ಅಗ್ರಪದವಿಗೇರಿತು. ಶಾಲೆ ಮತ್ತು ನೆಲ ಎರಡೂ ಒದಗಿದಲ್ಲಿ ಪ್ರತಿಕೂಲವಾದ ಭೂಗುಣವೂ ಅಡ್ಡಿಯಾಗದೆಂಬುದಕ್ಕೆ ಇದು ನಿದರ್ಶನ. ನಮ್ಮ ಎರೆಭೂಮಿಯಿಂದಲೂ ಗಾಡಿಗಟ್ಟಲೆ ಹತ್ತಿ ಗದುಗಿನ ಪೇಟೆಗೂ ಹುಬ್ಬಳ್ಳಿಯ ಪೇಟೆಗೂ ಹೋಯಿತು. ಅದನ್ನು ಬೆಳೆದವರ ಮಕ್ಕಳ ಆಟಕ್ಕಾಗಿ ಒಂದು ಅಂಡಿಗೆಗೆ ಒಂದು ಪೈಯನ್ನು ತೆಗೆದಿಡುವ ಏರ್ಪಾಡು ಎಂದೂ ಆಗಲಿಲ್ಲ.

ಸ್ವಾತಂತ್ರ್ಯದ ನಂತರ ಚಿತ್ರ ಬದಲಾಯಿತು. ಕರ್ನಾಟಕ ವಿಶ್ವವಿದ್ಯಾಲಯ ೧೯೪೯ರಲ್ಲಿ ಸ್ಥಾಪಿತವಾಗಿ ಈ ಜಿಲ್ಲೆಗಳ ಕಾಲೇಜುಗಳಿಗೆ ತಮ್ಮದೇ ಅಂತರ್‌ಕಾಲೇಜು ಪಂದ್ಯಗಳನ್ನು ದೊರಕಿಸಿತು. ೧೯೫೦ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ಆರಂಭವಾದ ಮೇಲೆ ರೇಡಿಯೋ ಹಳ್ಳಿಯ ಚಾವಡಿಯನ್ನು ಸೇರಿತು. ೧೯೫೬ರ ಏಕೀಕರಣದಿಂದ ಬೆಂಗಳೂರಿನ ಕೇಂದ್ರ ಈ ಸೀಮೆಗೂ ಕೇಂದ್ರವಾಯಿತು. ತಾಲೂಕಿನ ಊರುಗಳಲ್ಲಿಯೂ ಅನಂತರ ದೊಡ್ಡ ಗ್ರಾಮಗಳಲ್ಲಿಯೂ ಹೈಸ್ಕೂಲುಗಳು ತೆರೆದುವು, ಅವುಗಳೊಡನೆ ಆಟವೂ ಬಂದಿತು. ಆದರೂ ಕೇಂದ್ರಕ್ಕೂ ಅಂಚಿಗೂ ಇದ್ದ ಅಂತರ ಸುಲಭವಾಗಿ ಅಳಿಯಲಿಲ್ಲ. ೧೯೭೦ರಲ್ಲಿ ಗದುಗಿನಲ್ಲಿ ಹುಟ್ಟಿದ ಸುನೀಲ ಜೋಶಿ ಬಾಲಕನಾಗಿದ್ದಾಗ ನಸುಕಿನಲ್ಲಿಯೇ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮರಳಿ ಗದುಗಿಗೆ ಬಂದು ಶಾಲೆಗೆ ಹಾಜರಾಗುತ್ತಿದ್ದುದು ಪ್ರಸಿದ್ಧವಾದ ಸಂಗತಿ. ಆ ಹುಡುಗನು ಮುಂದೆ ಭಾರತಕ್ಕಾಗಿ ೧೫ ಟೆಸ್ಟುಗಳನ್ನಾಡಿದನು. ೧೯೯೯ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರುಗಳಲ್ಲಿ ಆರೇ ಓಟಗಳನ್ನು ಕೊಟ್ಟು ಐದು ವಿಕೆಟ್ಟುಗಳನ್ನು ಕಿತ್ತನು. ಗದುಗಿನಿಂದ ರೈಲು ಇದ್ದಿತು, ಆದುದರಿಂದ ಇದು ಸಾಧ್ಯವಾಯಿತು. ಅದೇ ಕೈಚಳಕವುಳ್ಳ ಹುಡುಗನು ಸೂಡಿಯಲ್ಲಿ ಹುಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಹೆಣ್ಣುಮಕ್ಕಳ ಮಾತು ಈ ಆದಿಕಾಲದ ಕಥೆಯಲ್ಲಿ ಬರುವುದೇ ಇಲ್ಲ. ಅವರಿಗೆ ಹೈಸ್ಕೂಲೇ ದೂರವಾಗಿದ್ದಾಗ ಹೈಸ್ಕೂಲಿನ ಆಟ ಎಲ್ಲಿಂದ ಬರಬೇಕು! ಭಾರತದ ಮಹಿಳಾ ತಂಡ ೧೯೭೬ರಲ್ಲಿ ಮೊದಲ ಟೆಸ್ಟನ್ನು ಆಡಿದಾಗ ಅದರ ನಾಯಕಿಯಾಗಿದ್ದವರು ಬೆಂಗಳೂರಿನ ಶಾಂತಾ ರಂಗಸ್ವಾಮಿ. ಉತ್ತರ ಕರ್ನಾಟಕದ ಪಾಲಿಗೆ ವಿಜಾಪುರದ ರಾಜೇಶ್ವರಿ ಗಾಯಕವಾಡ ೨೦೧೭ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ವಿರುದ್ಧ ೧೫ ಓಟಗಳಿಗೆ ಐದು ವಿಕೆಟ್ಟು ಪಡೆಯುವವರೆಗೆ ಕಾಯಬೇಕಾಯಿತು.

ಇಷ್ಟನ್ನೂ ಒಟ್ಟುಗೂಡಿಸಿ ನೋಡಿದಾಗ ನಿರ್ಣಯ ಕಠಿಣವಲ್ಲ. ದಂಡು ಆಟವನ್ನು ತೋರಿಸಿತು, ರೈಲು ಅದನ್ನು ಸಾಗಿಸಿತು, ಪುಣೆ ಮುಂಬಯಿಗಳಿಂದ ಮರಳಿದ ಮಾಸ್ತರರು ಅದನ್ನು ಕಲಿಸಿದರು, ಪ್ರಸಾದನಿಲಯದ ಹುಡುಗರು ಅದನ್ನು ಹಳ್ಳಿಗೆ ಒಯ್ದರು. ಆದರೆ ಎಲ್ಲಿ ಅದು ಬೇರೂರಿತು, ಎಲ್ಲಿ ಬೇರೂರಲಿಲ್ಲ ಎಂಬುದನ್ನು ನಿಶ್ಚಯಿಸಿದವು ಹೈಸ್ಕೂಲಿನ ಇರವೂ ಬಯಲಿನ ಇರವೂ. ಹುಡುಗರ ಅಭಿರುಚಿಯಲ್ಲಿ ಕೊರತೆ ಎಂದೂ ಇರಲಿಲ್ಲ. ಹೈಸ್ಕೂಲಿನ ಕೊರತೆ ಇಂದು ಬಹುಮಟ್ಟಿಗೆ ನೀಗಿದೆ. ಬಯಲಿನ ಕೊರತೆ ನೀಗಿಲ್ಲ. ಕೊಠಡಿಗಳನ್ನು ಕಟ್ಟಿಸುವಾಗ ಆಟದ ನೆಲವನ್ನೇ ಅದಕ್ಕೆ ಬಳಸಿಕೊಳ್ಳುವ, ಗಾಯರಾಣದ ಒತ್ತುವರಿಯನ್ನು ಕಂಡೂ ಕಾಣದಂತಿರುವ ರೂಢಿ ನಮ್ಮಲ್ಲಿ ಬೆಳೆದಿದೆ.

ಈ ಕೊರತೆಯನ್ನು ಒಟ್ಟುಗೂಡಿ ನೀಗುವ ದಾರಿ ಈ ನೆಲಕ್ಕೆ ಹೊಸದಲ್ಲ. ಭಾರತದ ಮೊದಲ ಕೃಷಿ ಸಹಕಾರಿ ಸಂಘ ೧೯೦೫ರಲ್ಲಿ ಜನ್ಮತಾಳಿದುದು ಗದಗ ತಾಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ದೂರದೃಷ್ಟಿಯಿಂದ. ಸಾಲಕ್ಕೂ ಬೀಜಕ್ಕೂ ಗೊಬ್ಬರಕ್ಕೂ ಒಟ್ಟುಗೂಡುವುದನ್ನು ದೇಶಕ್ಕೆ ಕಲಿಸಿದ ಈ ಜಿಲ್ಲೆಯ ಜನರು ಮಕ್ಕಳ ಆಟದ ಬಯಲಿಗಾಗಿ ಒಟ್ಟುಗೂಡಲಾರದವರಲ್ಲ. ಪ್ರತಿಯೊಂದು ಊರಿನ ಸಹಕಾರಿ ಸಂಘವೂ ವರ್ಷದ ಲಾಭದಲ್ಲಿ ಒಂದು ಅಲ್ಪಾಂಶವನ್ನು ಶಾಲೆಯ ಮೈದಾನಕ್ಕೆಂದು ತೆಗೆದಿರಿಸಲಿ; ಗ್ರಾಮಪಂಚಾಯತಿಗಳು ಗಾಯರಾಣದಲ್ಲಿ ಎರಡು ಮೂರು ಎಕರೆಯನ್ನು ಗುರುತಿಸಿ, ಗರಸು ಹೊಡೆಸಿ, ಹುಡುಗರಿಗೂ ಹುಡುಗಿಯರಿಗೂ ಸಮಾನವಾಗಿ ಬಿಟ್ಟುಕೊಡಲಿ. ಅಲ್ಲಿ ಅವರು ಕ್ರಿಕೆಟ್ಟನ್ನೇ ಆಡಲಿ, ಖೋಖೋವನ್ನೇ ಆಡಲಿ, ಆಯ್ಕೆ ಅವರದಾಗಿರಲಿ; ಬಯಲನ್ನು ಒದಗಿಸುವ ಹೊಣೆ ಹಿರಿಯರಾದ ನಮ್ಮದು.